ಸಹಾಯ ಬೇಕು: ಕೈಮಾ ಚೀಸ್ ಡಿಪ್ ಪಾರ್ಟಿ ಮುಗಿಯೋವರೆಗೂ ಬಿಸಿಯಾಗಿ, ತೆಳ್ಳಗೆ ಇರಬೇಕು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಆಲ್ದೂರು ಹತ್ತಿರದ ನಮ್ಮ ತೋಟದ ಮನೇಲಿ ತಮ್ಮನ ಹುಟ್ಟುಹಬ್ಬ, 20 ಜನ ಸೇರ್ತಾರೆ. ಪಂದಿಕರಿ, ಕಡುಬು ಅಮ್ಮನ ಪಾಲು, ಅದರ ಚಿಂತೆ ಇಲ್ಲ. ನನ್ನ ತಲೆಗೆ ಬಂದಿರೋದು ಚಿಪ್ಸ್ ಅದ್ದಿಕೊಂಡು ತಿನ್ನೋ ಚೀಸ್ ಡಿಪ್.

ಅಮೆರಿಕದಲ್ಲಿ ಇದಕ್ಕೆ ದನದ ಕೈಮಾ, ವೆಲ್ವೀಟಾ ಅನ್ನೋ ಪ್ರೊಸೆಸ್ಡ್ ಚೀಸ್, ಡಬ್ಬಿ ಟೊಮೆಟೊ ಹಾಕಿ ಸ್ಲೋ ಕುಕ್ಕರಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡೋ ಕರೆಂಟಿನ ಪಾತ್ರೆ) ಬಿಸಿಯಾಗಿ ಇಟ್ಟಿರ್ತಾರೆ. ನಾನು ಅರ್ಧ ಕೆಜಿ ಮಟನ್ ಕೈಮಾನ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಪುಡಿ, ಸೂಜಿಮೆಣಸು ಹಾಕಿ ನೀರು ಆರೋವರೆಗೆ ಹುರಿದು, ಮೇಲೆ ತೇಲೋ ಕೊಬ್ಬು ಬಸಿದು, ಹಾಲಲ್ಲಿ ಕರಗಿಸಿದ ಅಮುಲ್ ಪ್ರೊಸೆಸ್ಡ್ ಚೀಸಿಗೆ ಸೇರಿಸೋಣ ಅಂತಿದ್ದೀನಿ. ಮೊಝರೆಲ್ಲಾ ಬೇಡ, ಅದು ನೂಲು ನೂಲಾಗಿ ಎಳೆಯುತ್ತೆ, ಆರಿದ ಮೇಲೆ ರಬ್ಬರ್. ಪ್ರೊಸೆಸ್ಡ್ ಚೀಸಲ್ಲಿ ಸೋಡಿಯಂ ಸಿಟ್ರೇಟ್ ಥರದ ಲವಣ ಇರೋದ್ರಿಂದ ಕರಗಿದಾಗ ಎಣ್ಣೆ ಬೇರೆ, ಗಟ್ಟಿ ಬೇರೆ ಆಗಲ್ಲ. ಉಪ್ಪೂ ಅದರಲ್ಲೇ ಸಾಕಷ್ಟಿದೆ, ಕೈಮಾಗೆ ಕಮ್ಮಿ ಹಾಕ್ತೀನಿ.

ತೊಂದರೆ ಇರೋದು ಬಿಸಿ ಕಾಪಾಡೋದ್ರಲ್ಲಿ. ಸ್ಲೋ ಕುಕ್ಕರ್ ಇಲ್ಲ, ನಮ್ಮ ಕಡೆ ಕರೆಂಟು ನಂಬೋ ಹಾಗಿಲ್ಲ, ಸಂಜೆ ಚಳಿ ಬೇರೆ. ಹಾಟ್ ಬಾಕ್ಸಲ್ಲಿ ಇಟ್ರೆ ಸಾಕಾ, ಇಲ್ಲ ಬಿಸಿನೀರಿನ ಪಾತ್ರೆ ಒಳಗೆ ಡಿಪ್ ಪಾತ್ರೆ ಇಟ್ಟು ಗ್ಯಾಸ್ ಸಣ್ಣ ಉರಿಯಲ್ಲಿ ಬಿಡೋದಾ? ಅರ್ಧ ಕೆಜಿ ಕೈಮಾಗೆ ಚೀಸ್ ಎಷ್ಟು, ಹಾಲೆಷ್ಟು? ಮೈದಾ ಬೇಕಾ?

ಮಾಂಸ ತಿನ್ನದ ಅತ್ತೆಗೆ ಬರೀ ಚೀಸಿನದು ಮೊದಲೇ ಬೇರೆ ತೆಗೆದಿಡ್ತೀನಿ. ಚಿಕ್ಕಮಗಳೂರು ಪೇಟೇಲಿ ಉಪ್ಪು ಮಾತ್ರ ಇರೋ ಜೋಳದ ಚಿಪ್ಸ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಅದನ್ನೂ ಹೇಳಿ. ಶನಿವಾರ ಸಾಮಾನು ತರೋಕೆ ಹೋಗ್ತೀನಿ.