ಅಪ್‌ಡೇಟ್: ಬೆಂಜೋಯಿಕ್ ಆಸಿಡ್ ಮೆಲ್ಟಿಂಗ್ ಪಾಯಿಂಟ್ ಸರಿಹೋಯ್ತು
ಬೆಂಜೋಯಿಕ್ ಆಸಿಡ್ 122 ಡಿಗ್ರಿಗೆ ಕರಗಬೇಕು, ರೀಕ್ರಿಸ್ಟಲೈಸ್ ಮಾಡಿದ್ದು (ಬಿಸಿ ನೀರಲ್ಲಿ ಕರಗಿಸಿ, ತಣ್ಣಗಾಗಿಸಿ ಮತ್ತೆ ಹರಳಾಗಿಸಿದ್ದು) 114ಕ್ಕೇ ಮೆತ್ತಗಾಗ್ತಿದೆ, ಯಾಕೆ ಅಂತ ಕೇಳಿದ್ದೆ. ನೀವೆಲ್ಲ ಹೇಳಿದ ಹಾಗೆ ತೇವವೇ ಕಾರಣ. ಶಿವಮೊಗ್ಗದ ಜುಲೈ ಮಳೇಲಿ ಬಟ್ಟೆನೇ ಒಣಗಲ್ಲ, ಇನ್ನು ಫಿಲ್ಟರ್ ಪೇಪರ್ ಮೇಲೆ ಹರಡಿಟ್ಟ ಹರಳು ಒಣಗುತ್ತಾ! ಮುಟ್ಟಿದರೆ ಒಣಗಿದಂತೆಯೇ ಇರುತ್ತೆ. ಆದರೆ ಮೆಲ್ಟಿಂಗ್ ಪಾಯಿಂಟ್ ನೋಡೋಕೆ ಕ್ಯಾಪಿಲರಿಗೆ (ಕೂದಲಿನಂಥ ಸಣ್ಣ ಗಾಜಿನ ಕೊಳವೆಗೆ) ತುಂಬುವಾಗ ಪುಡಿ ಕೆಳಗಿಳಿಯದೆ ಬಾಯಲ್ಲೇ ಅಂಟಿಕೊಳ್ಳುತ್ತೆ. ಎರಡು ಪೇಪರ್ ನಡುವೆ ಒತ್ತಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡೆಸಿಕೇಟರ್‌ನಲ್ಲಿ (ಬಿಗಿಯಾಗಿ ಮುಚ್ಚಿದ ಒಣಗಿಸುವ ಪಾತ್ರೆಯಲ್ಲಿ) ಒಂದು ರಾತ್ರಿ ಇಟ್ಟ ಮೇಲೆ 121–122 ಬಂತು. (ಕ್ಲೋರೈಡ್ ಮುದ್ದೆಯಾಗಿದ್ದರೆ ಮೊದಲು ಬದಲಿಸಿ.) ಮೆಲ್ಟಿಂಗ್ ಪಾಯಿಂಟ್ ನೋಡುವಾಗ 110 ದಾಟಿದ ಮೇಲೆ ಬಿಸಿಯನ್ನು ನಿಮಿಷಕ್ಕೆ 1–2 ಡಿಗ್ರಿಗಿಂತ ಜೋರಾಗಿ ಏರಿಸಬೇಡಿ.

ಹರಳಿನ ಇಳುವರಿಯೂ ಕಮ್ಮಿ ಬಂದಿತ್ತು, ಅದು ರೀಕ್ರಿಸ್ಟಲೈಸ್ ಮಾಡುವಾಗ ನೀರು ಜಾಸ್ತಿಯಾಗಿ. 2 ಗ್ರಾಂಗೆ ಕುದಿಯುವ ನೀರು 40–50 ಮಿಲಿ ಸಾಕು. 150 ಮಿಲಿ ಹಾಕಿದರೆ ತಣ್ಣಗಾದ ಮೇಲೂ ಅರ್ಧ ಗ್ರಾಂ ನೀರಲ್ಲೇ ಉಳಿದುಹೋಗುತ್ತೆ.