ಬಾರ್ಡ್‌ಗೆ ಚೌಡಿಕೆ ಕೊಟ್ಟೆ, ಈಗ ಎರಡು ಕೈ ಸಾಲುತ್ತಿಲ್ಲ

ನವನಗರದ_ನಟ

ಬಾಗಲಕೋಟೆಯಲ್ಲಿ ನಾವು ಐವರು ರವಿವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಡೈಸ್ (ದಾಳ) ಉರುಳಿಸುತ್ತ ಕಥೆ ಕಟ್ಟುವ ಆಟ. ಐದನೆಯ ಆವೃತ್ತಿ, 2014ರ ನಿಯಮಗಳು. ನನ್ನ ಪಾತ್ರ ಚಂಪವ್ವ, ಬಾರ್ಡ್, ಅಂದರೆ ಹಾಡಿನಿಂದ ಮಾಯೆ ಮಾಡುವವಳು. ಊರೂರು ಸುತ್ತಿ ಪಂಥ ಕಟ್ಟಿ ಹಾಡುವವಳು, ಬಾಯಿ ಜೋರು, ಸೋಲೊಪ್ಪದ ಜೀವ. ಎಲ್ಲರ ಬಾರ್ಡ್‌ಗಳ ಕೈಯಲ್ಲೂ ಲ್ಯೂಟ್ ಎಂಬ ಯುರೋಪಿನ ತಂತಿವಾದ್ಯ ನೋಡಿ ಬೇಸರವಾಗಿತ್ತು. ನಮ್ಮ ಕಡೆಯ ವಾದ್ಯ ಇರಲಿ ಎಂದು ಚೌಡಿಕೆ ಕೊಟ್ಟೆ.

ತೊಂದರೆ ಎರಡು. ಚೌಡಿಕೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಮೀಟಬೇಕು. ಯಾವ ಸ್ಪೆಲ್ (ಮಂತ್ರ) ಹಾಕಬೇಕಾದರೂ ಅದನ್ನು ನುಡಿಸಲೇಬೇಕು ಎಂದು ನಮ್ಮ ಡಿಎಂ (ಆಟ ನಡೆಸುವವರು) ಪಟ್ಟು ಹಿಡಿದಿದ್ದಾರೆ. ಹಾಗಾಗಿ ರೇಪಿಯರ್ ಕತ್ತಿ ಸೊಂಟದಲ್ಲೇ ಉಳಿಯುತ್ತದೆ. ಎರಡನೆಯದು, ನನ್ನ ಸರದಿ ಬಂದಾಗ "ಚೌಡಿಕೆ ನುಡಿಸುತ್ತೇನೆ" ಎನ್ನುವುದರಾಚೆ ಹೇಳಲು ಏನೂ ತೋಚುವುದಿಲ್ಲ. ಈಗಷ್ಟೇ ಮೂರನೆಯ ಲೆವೆಲ್ ತಲುಪಿದ್ದೇನೆ, ಕಾಲೇಜ್ (ಬಾರ್ಡ್‌ಗಳ ಒಳಪಂಗಡ) ಇನ್ನೂ ಆರಿಸಿಲ್ಲ. ಮುಖ್ಯ ಸ್ಪೆಲ್‌ಗಳು: ವಿಶಸ್ ಮಾಕರಿ, ಹೀಲಿಂಗ್ ವರ್ಡ್, ಡಿಸೊನೆಂಟ್ ವಿಸ್ಪರ್ಸ್, ಥಂಡರ್‌ವೇವ್, ಹೀರೋಯಿಸಂ, ಶ್ಯಾಟರ್.

ಗುಮ್ಮಟದ_ಪಾರಿವಾಳ (ವಿಜಯಪುರ)

ನಾನೂ ಡಿಎಂ ಆಗಿ ಆಟ ನಡೆಸುವವನು, ಆದರೂ ಇಲ್ಲಿ ನಿಮ್ಮ ಡಿಎಂ ಪಕ್ಷ ವಹಿಸಲಾರೆ. ಬಾರ್ಡ್‌ಗೆ ವಾದ್ಯವು ಫೋಕಸ್ ಮಾತ್ರ. ಸ್ಪೆಲ್‌ಗೆ ಬೇಕಾದ ಸಣ್ಣಪುಟ್ಟ ಸಾಮಗ್ರಿಯ ಬದಲಿಗೆ ಅದನ್ನು ಹಿಡಿದಿದ್ದರೆ ಸಾಕು, ನುಡಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಿಮ್ಮ ಪಟ್ಟಿಯನ್ನೇ ನೋಡಿ. ವಿಶಸ್ ಮಾಕರಿ, ಹೀಲಿಂಗ್ ವರ್ಡ್, ಡಿಸೊನೆಂಟ್ ವಿಸ್ಪರ್ಸ್ ಮೂರಕ್ಕೂ ಬಾಯಿ ಸಾಕು. ಎರಡೂ ಕೈ ಕಟ್ಟಿ ಕೂರಿಸಿದರೂ ಚಂಪವ್ವ ಅವನ್ನು ಹಾಕಬಲ್ಲಳು. ಥಂಡರ್‌ವೇವ್ ಮತ್ತು ಹೀರೋಯಿಸಂಗೆ ಮಾತಿನ ಜೊತೆ ಕೈಸನ್ನೆ ಬೇಕು, ಸಾಮಗ್ರಿ ಬೇಡ. ಅಂದರೆ ಒಂದು ಕೈ ಪೂರ್ತಿ ಖಾಲಿ ಇರಬೇಕು. ಶ್ಯಾಟರ್‌ಗೆ ಮಾತ್ರ ಅಭ್ರಕದ ಚೂರಿನಂತಹ ಸಾಮಗ್ರಿ ಬೇಕು, ಅದರ ಜಾಗದಲ್ಲಿ ವಾದ್ಯ ನಡೆಯುತ್ತದೆ. ಆಗ ವಾದ್ಯ ಹಿಡಿದ ಕೈಯಿಂದಲೇ ಸನ್ನೆಯನ್ನೂ ಮಾಡಬಹುದು. ರೇಪಿಯರ್ ಇನ್ನೊಂದು ಕೈಯಲ್ಲಿ ಆರಾಮವಾಗಿ ಇರಲಿ.

ಗೆಳೆಯನಿಗೆ ಹೆಚ್ಚುವರಿ ಡೈಸ್ ಕೊಡುವ ಬಾರ್ಡಿಕ್ ಇನ್‌ಸ್ಪಿರೇಶನ್‌ಗೂ ವಾದ್ಯ ಕಡ್ಡಾಯವಲ್ಲ. ಹುರಿದುಂಬಿಸುವ ಮಾತಾದರೂ ಆದೀತು. 60 ಅಡಿಯೊಳಗೆ ಇರುವ ಗೆಳೆಯನ ಕಿವಿಗೆ ಅದು ಬೀಳಬೇಕು, ಅಷ್ಟೇ ಷರತ್ತು.

ಗೋಕಾಕ_ಕರದಂಟು

ಕೈಯ ಲೆಕ್ಕ ಪಾರಿವಾಳ ಅವರು ಬಿಡಿಸಿದರು. ಎರಡನೆಯ ತೊಂದರೆಗೆ ಕಾರಣ ಬೇರೆ ಇದೆ ತಮ್ಮ. ನೀನು ಬರೆದ ಹೆಂಗಸು ಒಬ್ಬಳು, ಅವಳ ಕೈಗೆ ಕೊಟ್ಟ ವಾದ್ಯ ಇನ್ನೊಬ್ಬಳದು.

ಚೌಡಿಕೆ ಸವದತ್ತಿ ಎಲ್ಲಮ್ಮನ ಜೋಗತಿಯರ ವಾದ್ಯ. ದೇವಿಯ ಕಥೆ ಹೇಳುವುದಕ್ಕೆ, ಹರಕೆಯ ಹಾಡಿಗೆ ಅದು ನುಡಿಯುತ್ತದೆ. ಅದನ್ನು ಹಿಡಿದವಳು ಎದುರಾಳಿಯನ್ನು ಹಂಗಿಸಲು ನಿಂತವಳಲ್ಲ. ಪಂಥ ಕಟ್ಟಿ ಹಾಡುವವಳು ಎಂದೆಯಲ್ಲ, ಅವಳು ಗೀಗೀ ಮೇಳದವಳು. ಅವಳ ಕೈಯಲ್ಲಿ ಇರಬೇಕಾದದ್ದು ದಪ್ಪು. ನಮ್ಮ ಮನೆತನದಲ್ಲಿ ಗೀಗೀ ಹಾಡುವವರಿದ್ದಾರೆ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ. ಮುಂದಿನ ಹಾಡುಗಾರ್ತಿ ದಪ್ಪು ಬಡಿದು ನುಡಿ ಎತ್ತುತ್ತಾಳೆ, ಹಿಂದಿನವರು ತುಂತುಣಿ ಮೀಟುತ್ತ, ತಾಳ ಹಾಕುತ್ತ "ಗೀಯ ಗೀಯ" ಎಂದು ದನಿಗೂಡಿಸುತ್ತಾರೆ. ಹರದೇಶಿಯವರು ಗಂಡು ಹೆಚ್ಚು ಎಂದರೆ ನಾಗೇಶಿಯವರು ಹೆಣ್ಣೇ ಹೆಚ್ಚು ಎನ್ನುತ್ತಾರೆ; ಸವಾಲು, ಜವಾಬು, ಮತ್ತೆ ಸವಾಲು. ಬೆಳಗಾದರೂ ಯಾರೂ ಸೋಲುವುದಿಲ್ಲ.

ಈಗ ಕಾಲೇಜ್ ಆಫ್ ಲೋರ್ ತೆಗೆದು ನೋಡು. ಮೂರನೆಯ ಲೆವೆಲ್‌ಗೇ ಕಟಿಂಗ್ ವರ್ಡ್ಸ್ ಸಿಗುತ್ತದೆ: ಎದುರಾಳಿ ಡೈಸ್ ಉರುಳಿಸಿದ ಮೇಲೆ, ಫಲ ತಿಳಿಯುವ ಮೊದಲು, ನೀನು ಮಾತಿನಲ್ಲಿ ಚುಚ್ಚಿ ನಿನ್ನ ಇನ್‌ಸ್ಪಿರೇಶನ್ ಡೈಸ್‌ನಷ್ಟು ಕಳೆಯಬಹುದು. ಇದು ಜವಾಬಲ್ಲದೆ ಮತ್ತೇನು? ನಿನ್ನ ಚಂಪವ್ವ ನಾಗೇಶಿ ಮೇಳದವಳು ಎಂದುಕೋ, ಡಿಎಂ ನಡೆಸುವ ಪ್ರತಿ ಗಂಡು ಓರ್ಕ್ ರಾಕ್ಷಸನಿಗೂ ಜವಾಬು ಸಿದ್ಧವಾಗಿರುತ್ತದೆ.

ನವನಗರದ_ನಟ

ಅಕ್ಕಾ, ದಪ್ಪು ಒಪ್ಪಿದೆ. ಆದರೆ ಕಲ್ಪನೆಯ ಲೋಕದಲ್ಲಿ ಸವದತ್ತಿಯೂ ಇಲ್ಲ, ಎಲ್ಲಮ್ಮನೂ ಇಲ್ಲ. ಅಲ್ಲಿ ಚೌಡಿಕೆ ಬರಿಯ ವಾದ್ಯ ಆಗಬಾರದೇಕೆ?

ಗೋಕಾಕ_ಕರದಂಟು

ಆಗಬಹುದು, ಯಾರು ತಡೆದರು? ಆದರೆ ಎಲ್ಲಮ್ಮನನ್ನು ತೆಗೆದ ಮೇಲೆ ನಿನ್ನ ಬಳಿ ಉಳಿಯುವುದು ಚರ್ಮ ಬಿಗಿದ ಮರದ ಕೊಳವೆ ಮತ್ತು ಒಂದು ತಂತಿ. "ಚೌಡಿಕೆ ನುಡಿಸುತ್ತೇನೆ" ಎಂದು ಹೇಳಿ ನೀನು ಸುಮ್ಮನಾಗುತ್ತಿರುವುದು ಅದಕ್ಕೇ. ಚೌಡಿಕೆಯೇ ಬೇಕೆಂದಿದ್ದರೆ ಹರಕೆ ಹೊತ್ತ ಬೇರೊಂದು ಪಾತ್ರ ಬರೆ, ಅವಳಿಗೊಬ್ಬ ದೇವಿಯನ್ನೂ ಕೊಡು. ಚೆನ್ನಾಗಿಯೇ ಬರುತ್ತಾಳೆ.

ಇನ್ನೊಂದು ಮಾತು. ನೀನು ಇನ್‌ಸ್ಪಿರೇಶನ್ ಕೊಟ್ಟಾಗ ಉಳಿದ ಆಟಗಾರರು ಸುಮ್ಮನೆ ಕೂರಬಾರದು. ಯಾರು ಡೈಸ್ ಪಡೆದರೋ ಅವರು "ಗೀಯ ಗೀಯ" ಎಂದು ದನಿಗೂಡಿಸಿದ ಮೇಲೆಯೇ ಅದನ್ನು ಮುಟ್ಟಬೇಕು ಎಂದು ನಿಮ್ಮ ಮನೆಯ ನಿಯಮ ಮಾಡಿಕೊಳ್ಳಿ. ಹಿಮ್ಮೇಳವಿಲ್ಲದ ಗೀಗೀ ಪದ ನಾನು ಕೇಳಿಲ್ಲ.

ಗುಮ್ಮಟದ_ಪಾರಿವಾಳ

ಗೀಯ ಗೀಯ ನಿಯಮವನ್ನು ನಾನೂ ಎತ್ತಿಕೊಳ್ಳುತ್ತಿದ್ದೇನೆ.

ನಿಯಮಪುಸ್ತಕದ ಪಟ್ಟಿಯಲ್ಲಿ ದಪ್ಪು ಸಿಗುವುದಿಲ್ಲ. ಡ್ರಮ್ ಎಂದು ಬರೆದುಕೊಳ್ಳಿ, 6 ಚಿನ್ನದ ನಾಣ್ಯ, 3 ಪೌಂಡ್ ತೂಕ. ಹೆಗಲಿಗೆ ಪಟ್ಟಿ ಹಾಕಿ ತೂಗುಬಿಡಿ. ಕೈಬಿಟ್ಟರೆ ಥಂಡರ್‌ವೇವ್‌ಗೆ ಕೈ ಖಾಲಿ, ಅಂಚು ಹಿಡಿದರೆ ಶ್ಯಾಟರ್‌ಗೆ ಫೋಕಸ್.

ಅದಕ್ಕೊಂದು ಹೆಸರನ್ನೂ ಇಡಿ. ನಮ್ಮ ಊರಿನಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು, ತಾನು ಕಟ್ಟಿದ ಹಾಡುಗಳಲ್ಲಿ ಅದನ್ನು ಹೊಗಳಿದ್ದ. ಸುಲ್ತಾನನೇ ಹೀಗೆ ಮಾಡಿದ ಮೇಲೆ ಚಂಪವ್ವನಿಗೇನು ಸಂಕೋಚ? ಹೆಸರಿರುವ ವಾದ್ಯ ಕಳುವಾದರೆ ಅದೇ ಒಂದು ಕಥೆ. ಬರಿಯ "ಡ್ರಮ್" ಕಳುವಾದರೆ 6 ನಾಣ್ಯದ ನಷ್ಟ.

ನಿಮ್ಮ ಡಿಎಂಗೆ ಒಂದು ಕೋಣೆಯ ಸಲಹೆ: ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್, ಹೆಚ್ಚುಕಡಿಮೆ 124 ಅಡಿ. ಗೋಡೆಗೆ ಬಾಯಿ ಹಚ್ಚಿ ಉಸುರಿದ ಮಾತು ಎದುರಿನ ಬದಿಯಲ್ಲಿ ಕಿವಿಗೆ ಬೀಳುತ್ತದೆ. ಅಂತಹ ಕೋಣೆಯಲ್ಲಿ ಇನ್‌ಸ್ಪಿರೇಶನ್‌ನ 60 ಅಡಿಯ ಮಿತಿಯನ್ನು ಡಿಎಂ ಸಡಿಲಿಸಬಹುದು. ಶತ್ರುವಿನ ಪಿಸುಮಾತೂ ಅಷ್ಟೇ ಸಲೀಸಾಗಿ ಬರುತ್ತದೆ ಎನ್ನುವುದನ್ನು ಮರೆಯದಿದ್ದರಾಯಿತು.

ನವನಗರದ_ನಟ

ದಪ್ಪಿಗೆ ಗುಡುಗವ್ವ ಎಂದು ಹೆಸರಿಟ್ಟೆ, ಲೋರ್ ಕಾಲೇಜ್ ತೆಗೆದುಕೊಂಡೆ. ಸ್ಪೆಲ್‌ಗಳ ಬಗ್ಗೆ ಡಿಎಂ ಒಪ್ಪಿದರು. ಆದರೆ ನಿನ್ನೆ ನದಿ ದಾಟಿಸಿ, "ಚರ್ಮ ನೆನೆದಿದೆ, ದಪ್ಪು ನುಡಿಯುವುದಿಲ್ಲ, ಶ್ಯಾಟರ್ ಇಲ್ಲ" ಎಂದುಬಿಟ್ಟರು. ಇದಕ್ಕೇನು ಮಾಡಲಿ? ಸದ್ದನ್ನೆಲ್ಲ ನುಂಗುವ ಸೈಲೆನ್ಸ್ ಸ್ಪೆಲ್ ಬಿದ್ದರೆ ಏನು ಎನ್ನುವುದನ್ನೂ ಹೇಳಿಬಿಡಿ, ಮುಂದಿನ ವಾರ ಅದೇ ಬರುವ ಲಕ್ಷಣವಿದೆ.

ಗುಮ್ಮಟದ_ಪಾರಿವಾಳ

ನೆನೆದ ದಪ್ಪು ಕೂಡ ಫೋಕಸ್ಸೇ, ಅದು ಸದ್ದು ಮಾಡಬೇಕಾಗಿಲ್ಲ. ಶ್ಯಾಟರ್ ನಡೆಯುತ್ತದೆ. ಜನರ ಮುಂದೆ ನುಡಿಸುವ ಪರ್ಫಾರ್ಮೆನ್ಸ್ ಚೆಕ್‌ಗೆ ಡಿಸ್‌ಅಡ್ವಾಂಟೇಜ್ (ಡೈಸ್‌ನಲ್ಲಿ ಹಿನ್ನಡೆ) ಕೊಟ್ಟರೆ ನಾನು ತಕರಾರು ಮಾಡುವುದಿಲ್ಲ.

ಸೈಲೆನ್ಸ್‌ನ 20 ಅಡಿ ತ್ರಿಜ್ಯದೊಳಗೆ ಮಾತು ಬೇಕಾದ ಯಾವ ಸ್ಪೆಲ್ಲೂ ಇಲ್ಲ, ಕಟಿಂಗ್ ವರ್ಡ್ಸೂ ಇಲ್ಲ. ಮೊದಲು ಅಲ್ಲಿಂದ ಹೊರಗೆ ಓಡಿ. ಐದನೆಯ ಲೆವೆಲ್‌ಗೆ ಹಿಪ್ನಾಟಿಕ್ ಪ್ಯಾಟರ್ನ್ ತೆಗೆದುಕೊಳ್ಳಿ. ಅದಕ್ಕೆ ಸನ್ನೆ ಮತ್ತು ಫೋಕಸ್ ಸಾಕು, ಮಾತು ಬೇಡ.

ಗೋಕಾಕ_ಕರದಂಟು

ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ ತಮ್ಮ, ಮೇಳದವರು ಹಾಡುವ ಮೊದಲು ಮಾಡುವುದೂ ಅದನ್ನೇ. ಐದನೆಯ ಲೆವೆಲ್‌ನಿಂದ ಶಾರ್ಟ್ ರೆಸ್ಟ್‌ನಲ್ಲೂ (ಪಾತ್ರಗಳ ಚಿಕ್ಕ ವಿಶ್ರಾಂತಿ) ಇನ್‌ಸ್ಪಿರೇಶನ್ ಮರಳಿ ಬರುತ್ತದೆ. ಆ ಒಂದು ಗಂಟೆ ಚಂಪವ್ವ ಒಲೆಯ ಮುಂದೆ ಕೂತು ಗುಡುಗವ್ವನನ್ನು ಕಾಯಿಸುತ್ತಾಳೆ ಎಂದು ಡಿಎಂಗೆ ಹೇಳು. ಕಟ್ಟಿಗೆ ಒಣಗಿದ್ದು ಎಲ್ಲಿ ಸಿಕ್ಕಿತು ಎಂದು ಅವರು ಕೇಳಿಯೇ ಕೇಳುತ್ತಾರೆ, ಟಿಂಡರ್‌ಬಾಕ್ಸ್ ಮತ್ತು ಎಣ್ಣೆಯ ಶೀಶೆ ಈಗಲೇ ಕೊಂಡಿಟ್ಟುಕೋ.