ಹಳೇ ಬಿಎಚ್-2 ಮೈಕ್ರೋಸ್ಕೋಪಿಗೆ ಯಾವ 40ಎಕ್ಸ್ ಹೊಂದುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಾಲೇಜಿನ ಲ್ಯಾಬ್‌ಗೆ ಹಳೆಯ ಒಲಿಂಪಸ್ ಬಿಎಚ್-2 ಬಂದಿದೆ. ಸ್ಟ್ಯಾಂಡ್ ಚೆನ್ನಾಗಿದೆ, 40ಎಕ್ಸ್ ಆಬ್ಜೆಕ್ಟಿವ್ (ಸ್ಲೈಡಿನ ಕಡೆ ಇರುವ ಲೆನ್ಸ್) ಮಾತ್ರ ಇಲ್ಲ. ಬೀರುವಿನಲ್ಲಿ ಮೂರು ಸಿಕ್ಕಿವೆ. ಒಂದು ನಿಕಾನ್ ಇ ಪ್ಲಾನ್, ಮೇಲೆ 160/0.17 ಎಂದಿದೆ. ಇನ್ನೊಂದರ ಮೇಲೆ ∞/0.17 ಎಂದಿದೆ. ಮೂರನೆಯದು ಹಳೆಯ ಗಿಡ್ಡ ಒಲಿಂಪಸ್. ಮೂರರ ಥ್ರೆಡ್ಡೂ ಸರಿಯಾಗಿ ಕೂರುತ್ತದೆ. ಯಾವುದನ್ನು ಹಾಕಲಿ?

ಉತ್ತರ: ಮೇಡಂ, ಥ್ರೆಡ್ ಕೂತಿತು ಅಂತ ನಂಬಬೇಡಿ. 20.32 ಮಿ.ಮೀ. ಅಗಲದ ಆ ಥ್ರೆಡ್ 19ನೇ ಶತಮಾನದಲ್ಲೇ ಲಂಡನ್ನಿನಲ್ಲಿ ಗೊತ್ತುಮಾಡಿದ ಅಳತೆ. ಎಷ್ಟೋ ಕಂಪನಿಗಳು ಅದನ್ನೇ ಬಳಸಿವೆ. ನೀವು ನೋಡಬೇಕಾದದ್ದು ಲೆನ್ಸ್ ಮೇಲೆ ಕೆತ್ತಿರುವ ಅಕ್ಷರ, ಅಂಕಿ.

∞ ಇರುವುದನ್ನು ಪಕ್ಕಕ್ಕಿಡಿ. ಅದರಿಂದ ಬೆಳಕು ಸಮಾನಾಂತರವಾಗಿ ಹೊರಬರುತ್ತದೆ. ಅದನ್ನು ಕೂಡಿಸಿ ಬಿಂಬ ಮಾಡಲು ಸ್ಟ್ಯಾಂಡಿನೊಳಗೆ ಟ್ಯೂಬ್ ಲೆನ್ಸ್ ಬೇಕು. ಬಿಎಚ್-2 ಇರುವುದು 160 ಮಿ.ಮೀ. ಲೆನ್ಸುಗಳಿಗೆ, ಅಂದರೆ ಅಷ್ಟು ಉದ್ದದ ಕೊಳವೆಯಲ್ಲಿ ತಾವೇ ಬಿಂಬ ಮೂಡಿಸುವಂಥವಕ್ಕೆ. ಏನೋ ಕಾಣಬಹುದು, ಆದರೆ ಮಸುಕಾಗಿ.

ಗಿಡ್ಡ ಒಲಿಂಪಸ್ ಬಗ್ಗೆ ಎಚ್ಚರ. ಅದು ಸುಮಾರು 37 ಮಿ.ಮೀ. ಲೆಕ್ಕದ್ದು, ಅಂದರೆ ಫೋಕಸ್ ಆದಾಗ ಲೆನ್ಸ್ ಕೂರುವ ಜಾಗದಿಂದ ಮಾದರಿಗೆ ಅಷ್ಟು ದೂರ. ಬಿಎಚ್-2ರ ಡಿ ಪ್ಲಾನ್, ಎಸ್ ಪ್ಲಾನ್ ಲೆನ್ಸುಗಳು 45 ಮಿ.ಮೀ. ಲೆಕ್ಕದವು. ಗಿಡ್ಡದರಲ್ಲಿ ಫೋಕಸ್ ಮಾಡಿ ಹಾಗೇ 100ಎಕ್ಸ್‌ಗೆ ತಿರುಗಿಸಿದರೆ ಉದ್ದದ ಲೆನ್ಸ್ ನೇರ ಸ್ಲೈಡಿಗೆ ಬಡಿಯುತ್ತದೆ. ಮಕ್ಕಳು ಬಳಸುವ ಯಂತ್ರದಲ್ಲಿ ಇದು ಬೇಡವೇ ಬೇಡ.

ಇನ್ನು ನಿಕಾನ್. 160 ಸರಿ, 45 ಸರಿ. ತೊಡಕಿರುವುದು ಬಣ್ಣದಲ್ಲಿ. ಒಲಿಂಪಸ್ಸಿನ ಈ ಆಬ್ಜೆಕ್ಟಿವ್‌ಗಳು ಅಂಚಿನ ಬಣ್ಣದ ದೋಷವನ್ನು ಸ್ವಲ್ಪ ಹಾಗೇ ಬಿಡುತ್ತವೆ. ಅದನ್ನು ಸರಿಮಾಡುವ ಕೆಲಸ ಕಣ್ಣಿಟ್ಟು ನೋಡುವ ಲೆನ್ಸಿನ, ಅಂದರೆ ಐಪೀಸ್‌ನದು. ನಿಮ್ಮ ಐಪೀಸ್ ಮೇಲೆ ಡಬ್ಲ್ಯುಎಚ್‌ಕೆ 10ಎಕ್ಸ್/20 ಎಲ್ ಅಂತ ಇದ್ದರೆ ಅದು ಆ ಜೋಡಿಯದೇ. ನಿಕಾನ್ ಇ ಪ್ಲಾನ್ ತನ್ನ ಬಣ್ಣವನ್ನು ತಾನೇ ಸರಿಮಾಡಿಕೊಂಡಿರುತ್ತದೆ. ಅದರ ಮೇಲೆ ಈ ಐಪೀಸ್ ಮತ್ತೊಮ್ಮೆ ತಿದ್ದಲು ಹೋಗಿ ಅಂಚಿನಲ್ಲಿ ಬಣ್ಣದ ಗೆರೆ ಮೂಡಿಸುತ್ತದೆ. ನಡುಭಾಗ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಸದ್ಯಕ್ಕೆ ಪಾಠಕ್ಕೆ ಇದನ್ನೇ ಹಾಕಿ. ಫೋಟೋ ತೆಗೆಯುವುದಾದರೆ ಬಳಸಿದ ಡಿ ಪ್ಲಾನ್ 40 ಹುಡುಕಿ. ಆ ಸ್ಟ್ಯಾಂಡಿಗೆ ಅಷ್ಟು ಮಾಡುವುದು ಖಂಡಿತ ಸಾರ್ಥಕ.

ಇನ್ನೊಬ್ಬರು: ಹೊಸ ಮೈಕ್ರೋಸ್ಕೋಪಿನ 30 ಮಿ.ಮೀ. ಐಪೀಸ್ ಹಾಕಬಹುದಾ ಸರ್?

ಉತ್ತರ: ಬಿಎಚ್-2ರ ಮಾಮೂಲಿ ಹೆಡ್ಡಿನ ಕೊಳವೆ 23.2 ಮಿ.ಮೀ. ಇರುತ್ತದೆ. ಒಳಗೇ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ನಿಕಾನ್ ಹಾಕಿದೆ. ಈರುಳ್ಳಿ ಸಿಪ್ಪೆ ಚೆನ್ನಾಗಿ ಕಾಣುತ್ತದೆ, ರಕ್ತದ ಸ್ಮಿಯರ್ (ಸ್ಲೈಡ್ ಮೇಲೆ ತೆಳುವಾಗಿ ಸವರಿದ ರಕ್ತ) ಮಾತ್ರ ಮಂಜು ಮಂಜು. 100ಎಕ್ಸ್‌ನಲ್ಲಿ ಅದೇ ಸ್ಮಿಯರ್ ಸ್ಪಷ್ಟ. ಲೆನ್ಸ್ ಕೆಟ್ಟಿದೆಯಾ?

ಉತ್ತರ: ಇಲ್ಲ ಮೇಡಂ. ಸ್ಮಿಯರ್ ಮೇಲೆ ಕವರ್‌ಸ್ಲಿಪ್ (ಮಾದರಿ ಮುಚ್ಚುವ ತೆಳು ಗಾಜು) ಹಾಕಿಲ್ಲ, ಅಲ್ವಾ? 160ರ ಪಕ್ಕದ 0.17 ಹೇಳುವುದು ಅದನ್ನೇ: ಲೆನ್ಸ್ ಮತ್ತು ಮಾದರಿಯ ನಡುವೆ 0.17 ಮಿ.ಮೀ. ಗಾಜು ಇರಬೇಕು. ಎಣ್ಣೆ ಹಾಕದೆ ನೋಡುವ 40ಎಕ್ಸ್‌ಗೆ ಆ ಗಾಜು ಇಲ್ಲದಿದ್ದರೆ ಬಿಂಬ ಮಸುಕಾಗುತ್ತದೆ. 100ಎಕ್ಸ್‌ನಲ್ಲಿ ಎಣ್ಣೆಯೇ ಹೆಚ್ಚುಕಡಿಮೆ ಗಾಜಿನಂತೆ ಬೆಳಕನ್ನು ಬಾಗಿಸುವುದರಿಂದ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಸ್ಮಿಯರ್ ಮೇಲೆ ಒಂದು ಹನಿ ಇಮ್ಮರ್ಶನ್ ಆಯಿಲ್ ಬಿಟ್ಟು ಕವರ್‌ಸ್ಲಿಪ್ ಕೂರಿಸಿ ನೋಡಿ. ಅಂಗಡಿಯಲ್ಲಿ ಒಂದೂವರೆ ನಂಬರಿನದು ಕೇಳಿ. ಒಂದನೇ ನಂಬರ್ ಅದಕ್ಕಿಂತ ತೆಳು.